ನಾಯಿ, ಬೆಕ್ಕು, ದನದ ಕಣ್ಣಿನ ಆಪರೇಷನ್: ಮೊದ್ಲ ಏನ್ ಕೇಳಬೇಕು, ಆಮ್ಯಾಲ ಮನ್ಯಾಗ ಏನ್ ಮಾಡಬೇಕು

ನಮ್ಮ ಲಾಡ್ಯಾನ ಎಡಗಣ್ಣಿನ ಮೂಲ್ಯಾಗ ಒಂದಿನ ಮುಂಜಾನಿ ಕೆಂಪನ ಗುಳ್ಳಿ ಎದ್ದಿತ್ತು. ಮೊದ್ಲ ತೊಗರಿಕಾಳಿನಷ್ಟ ಇತ್ತು, ಸಂಜಿ ಆಗೋದ್ರಾಗ ಕಡ್ಲಿಕಾಳಿನಷ್ಟ ಆತು. ಲಾಡ್ಯಾ ಅಂದ್ರ ಪಗ್ ನಾಯಿ, ಆಗ ಎಂಟು ತಿಂಗಳಿಂದು. ಇಲ್ಲೇ ಒಂದು ಕಡಿ ಒಯ್ದು ತೋರ್ಸಿದ್ವಿ, ಅವ್ರು ಇದೇನ್ ದೊಡ್ಡದಲ್ಲ ಅಂತ ಹತ್ತು ಮಿನಿಟಿನ್ಯಾಗ ಕತ್ತರಿಸಿ ಒಗದ್ರು, ನಾವೂ ಖುಷಿಲೇ ಮನಿಗಿ ಬಂದ್ವಿ, ಬಿಲ್ಲೂ ಕಡಿಮಿ ಆಗಿತ್ತು. ಎಲ್ಲಿ, ಯಾರು ಅಂತ ಹೇಳೋದು ಬ್ಯಾಡ. ಒಂದು ಮಾತು ಕೇಳಬೇಕಿತ್ತು ನಾನು, ಕೇಳಲಿಲ್ಲ. ಆ ಒಂದು ಮಾತಿನ ಸಲುವಾಗಿ ಲಾಡ್ಯಾನ ಕಣ್ಣಿಗಿ ಇವತ್ತಿಗೂ ದಿನಾ ಡ್ರಾಪ್ಸ್ ನಡದದ, ನಡುವ ಬೀದರಿಗಿ ಒಯ್ದು ಇನ್ನೊಂದು ಆಪರೇಷನ್ ಬ್ಯಾರೆ ಆಗ್ಯದ.

ಅದಕ್ಕ ಇದನ್ನ ಬರೀಲಿಕತ್ತೀನಿ. ನಾನು ಡಾಕ್ಟರ್ ಅಲ್ಲ, ದವಾಖಾನಿ ಬಾಗಲದಾಗ ಕುಂತು ಕುಂತು ಕಲ್ತಾಂವ. ಕಲಬುರಗಿ, ಬೀದರ, ಯಾದಗಿರ ಕಡಿ ಇರೋರಿಗಿ ಹೆಚ್ಚು ಉಪಯೋಗ ಆಗಬಹುದು, ಯಾಕಂದ್ರ ನಮ್ಮ ಕಡಿ ಕಣ್ಣಿನ ಸ್ಪೆಷಲಿಸ್ಟ್ ಓಣಿಗೊಬ್ರು ಇರಂಗಿಲ್ಲ, ಎಲ್ಲಿಗಿ ಹೋಗಬೇಕು ಯಾವಾಗ ಹೋಗಬೇಕು ಅನ್ನೋದ್ರಾಗೇ ಅರ್ಧ ಟೈಮ್ ಹೋಗಿಬಿಡ್ತದ.

ಮೊದ್ಲ: ಇದು ಈಗಿಂದೀಗ ಓಡೋದಾ, ನಾಳಿ ಹೋದ್ರ ನಡೀತದಾ

ಕಣ್ಣಿನ ವಿಷಯದಾಗ "ಎರಡು ದಿನ ನೋಡೋಣ" ಅನ್ನೋ ಮಾತು ಭಾಳ ತುಟ್ಟಿ ಬೀಳ್ತದ. ಕೆಲವು ತ್ರಾಸು ತಿಂಗಳಗಟ್ಲೆ ಕಾಯ್ತಾವ, ಕೆಲವು ಒಂದು ರಾತ್ರಿನೂ ಕಾಯಲ್ಲ.

ಕಾಯಲಾರದ್ದು ಯಾವ್ದಂದ್ರ, ಗುಡ್ಡಿನೇ ಹೊರಗ ಬಂದ್ರ. ಪಗ್, ಶಿಟ್ಜು, ಪೆಕಿನೀಸ್ ಇಂಥಾ ಚಪ್ಪಟಿ ಮುಖದ ನಾಯಿಗಳಿಗಿ ಕಣ್ಣಿನ ಗೂಡು ಆಳ ಇರಲ್ಲ, ಬೀದಿ ನಾಯಿ ಒಂದು ಸಲ ಕುತಗಿ ಹಿಡದು ಜಾಡಿಸಿದ್ರ ಸಾಕು, ಗುಡ್ಡಿ ರೆಪ್ಪಿ ದಾಟಿ ಮುಂದ ಬರ್ತದ. ನೋಡಿದ್ರ ಕೈಕಾಲು ತಣ್ಣಗಾಗ್ತಾವ ಖರೇ, ಆದ್ರ ಒಳಗ ಒತ್ತಲಿಕ್ಕ ಹೋಗಬ್ಯಾಡ್ರಿ. ಮೆಡಿಕಲ್ ಅಂಗಡ್ಯಾಗ ಸಿಗೋ ಸಲೈನ್ ಹಾಕಿ, ಸ್ವಚ್ಛ ಹಸಿ ಅರಬಿ ಮ್ಯಾಲ ಹಿಡದು, ನಾಯಿ ಕಾಲು ಹಚ್ಚಿ ಕೆರಕೊಳ್ಳಲಾರದಂಗ ಹಿಡ್ಕೊಂಡು ಆ ಕ್ಷಣಕ್ಕ ಹೊಂಡ್ರಿ. ದಾರ್ಯಾಗ ಒಣಗಗೊಡಬಾರದು, ಅದೊಂದೇ ನಿಮ್ಮ ಕೆಲಸ.

ಎರಡನೇದ್ದು ಕಣ್ಣಿನ ಒತ್ತಡ ಏರೋದು, ಗ್ಲಾಕೋಮಾ ಅಂತಾರ. ಕಣ್ಣು ಕೆಂಪ, ಕರಿಗುಡ್ಡಿ ಮ್ಯಾಲ ನೀಲಿ ಮಂಜು, ಪಾಪಿ (ಗುಡ್ಡಿ ನಡುವಿನ ಕರಿ ಕಂಡಿ) ದೊಡ್ಡದಾಗಿ ಬೆಳಕಿಗೂ ಸಣ್ಣಾಗಲ್ಲ, ನಾಯಿ ಮೂಲ್ಯಾಗ ಸುಮ್ಮ ಕುಂತಿರ್ತದ, ತಲಿ ಮುಟ್ಟಗೊಡಲ್ಲ. ಒತ್ತಡ ಹೆಚ್ಚು ಏರಿದ್ರ ಒಂದೆರಡು ದಿನದಾಗ ದೃಷ್ಟಿ ಹೋಗಿಬಿಡ್ತದ, ಹೋದದ್ದು ಮತ್ತ ಬರಲ್ಲ. ಮೂರನೇದ್ದು ಕರಿಗುಡ್ಡಿ ಮ್ಯಾಲ ಗಾಯ: ಕಣ್ಣು ಗಟ್ಟಿ ಮುಚ್ಚಿಕೊಂಡು ನೀರು ಸುರಸ್ತದ, ನೋಡಿದ್ರ ಗುಡ್ಡಿ ಮ್ಯಾಲ ಸಣ್ಣ ತಗ್ಗು, ಇಲ್ಲಾ ಬಿಳಿ ಕಲಿ, ಇಲ್ಲಾ ಕರಗಿದ ಗೋಂದಿನಂಗ ಕಾಣ್ತದ. ಇದೂ ಇವತ್ತೇ ಹೋಗೋ ಕೇಸು.

ಇನ್ನ ಕಾಯ್ತಾವ ಅಂದ್ರ ಲಾಡ್ಯಾಗ ಆದಂಥಾ ಕೆಂಪು ಗುಳ್ಳಿ (ಚೆರ್ರಿ ಐ ಅಂತಾರ ಅದಕ್ಕ), ಒಳಗ ಮಡಚಿದ ರೆಪ್ಪಿ, ಮೋತಿಬಿಂದು. ವಾರದೊಳಗ ತೋರ್ಸಿದ್ರ ನಡೀತದ, ಆದ್ರ ತಿಂಗಳಗಟ್ಲೆ ಬಿಡಬ್ಯಾಡ್ರಿ.

ಮನ್ಯಾಗ ಉಳದ ಡ್ರಾಪ್ಸ್ ಕೈಯಾಗ ತಗೊಳ್ಳೋಕಿಂತ ಮೊದ್ಲ

ಪ್ರತಿ ಮನ್ಯಾಗೂ ಫ್ರಿಜ್ಜಿನ ಬಾಗಲದಾಗ ಅಜ್ಜನ ಮೋತಿಬಿಂದು ಆಪರೇಷನ್ ಆದಾಗ ಉಳದ ಒಂದು ಸಣ್ಣ ಬಾಟಲಿ ಇದ್ದೇ ಇರ್ತದ. ಅದನ್ನ ನಾಯಿಗಿ ಹಾಕಿದ್ರಾತು ಅಂತ ಹಾಕ್ತಾರ. ಅದ್ರಾಗ ಸ್ಟೀರಾಯ್ಡ್ ಇದ್ದು, ನಾಯಿ ಗುಡ್ಡಿ ಮ್ಯಾಲ ಗಾಯ ಇದ್ರ, ಗಾಯ ಮಾಯೋದು ಬಿಟ್ಟು ಆಳಕ್ಕಿಳೀತದ, ಗುಡ್ಡಿಗಿ ತೂತು ಬೀಳೋ ಮಟ್ಟಕ್ಕೂ ಹೋಗಬಹುದು. ಬಾಟಲಿ ಮ್ಯಾಲ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಇತ್ತಂದ್ರ, ಡಾಕ್ಟರ್ ನೋಡೋ ತನಕ ಮುಚ್ಚಳ ತೆಗೀಬ್ಯಾಡ್ರಿ. ಬೆಕ್ಕಿಗಂತೂ ಇನ್ನೂ ಹುಷಾರಿ ಬೇಕು, ಭಾಳ ಬೆಕ್ಕಿನ ಮೈಯಾಗ ಹರ್ಪಿಸ್ ವೈರಸ್ ಮಲಗಿರ್ತದ, ಸ್ಟೀರಾಯ್ಡ್ ಅದನ್ನ ಎಬ್ಬಸ್ತದ.

ಅರಿಶಿಣ, ಜೇನುತುಪ್ಪ, ಎದಿಹಾಲು, ಹಳ್ಳ್ಯಾಗ ದನಕ್ಕಾದ್ರ ಉಪ್ಪು ಇಲ್ಲಾ ತಂಬಾಕ ಅಗದು ಕಣ್ಣಾಗ ಉಗಳೋದು, ಇವೆಲ್ಲಾ ಬಂದ್ ಮಾಡ್ರಿ. ಹಿರ್ಯಾರು ಬೈತಾರ, ಬೈಸ್ಕೊಳ್ರಿ. ಹಂಗೇ ನೋವಿನ ಮಾತ್ರಿ ನಮ್ಮದ ಕೊಡಬಾರದು, ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೀತದ, ಐಬುಪ್ರೊಫೇನ್ ನಾಯಿಯ ಹೊಟ್ಟಿ ಕಿಡ್ನಿ ಎರಡೂ ಕೆಡಸ್ತದ.

ಟೇಬಲ್ ಮ್ಯಾಲ ಏನೇನ್ ನೋಡ್ತಾರ

ಬರೇ ಟಾರ್ಚ್ ಹಚ್ಚಿ ನೋಡಿ "ಆಪರೇಷನ್ ಮಾಡಬೇಕು" ಅಂದ್ರ ಜರಾ ತಡೀರಿ, ಮೂರು ಸಣ್ಣ ಟೆಸ್ಟ್ ಆಗ್ಯಾವೇನು ಅಂತ ಕೇಳ್ರಿ. ಮೂರೂ ಸೇರಿ ಹತ್ತು ಮಿನಿಟ್ ಹಿಡಿಯಂಗಿಲ್ಲ.

ಒಂದು, ಕಣ್ಣೀರು ಅಳಿಯೋದು. ಸಣ್ಣ ಕಾಗದದ ಪಟ್ಟಿ ಕೆಳಗಿನ ರೆಪ್ಪಿಗಿ ಸಿಗಸಿ ಒಂದು ಮಿನಿಟ್ ಬಿಡ್ತಾರ, ಎಷ್ಟು ಮಿಲಿಮೀಟರ್ ಹಸಿ ಆತು ನೋಡ್ತಾರ. ನಾಯಿಗಿ 15 ಮತ್ತು ಅದಕ್ಕಿಂತ ಹೆಚ್ಚು ಬಂದ್ರ ಸರಿ, 10ರ ಕೆಳಗ ಬಂದ್ರ ಕಣ್ಣು ಒಣಗ್ಲಿಕತ್ತದ ಅಂತ ಲೆಕ್ಕ. ಬೀದರನಾಗ ಲಾಡ್ಯಾಂದು 3 ಬಂತು. ಆ ಪಟ್ಟಿ ನಂಗ ತೋರ್ಸಿದ್ರು, ತುದಿ ಅಷ್ಟೇ ನೀಲಿ ಆಗಿತ್ತು, ಉಳದದ್ದು ಕೋರಾ ಕಾಗದ.

ಎರಡು, ಹಸಿರು ಬಣ್ಣದ ಟೆಸ್ಟ್. ಕಿತ್ತಳಿ ಬಣ್ಣದ ಪಟ್ಟಿ ಹಸಿ ಮಾಡಿ ಕಣ್ಣಿಗಿ ತಾಗಸಿ ತೊಳದು ನೀಲಿ ಲೈಟ್ ಬಿಡ್ತಾರ, ಗಾಯ ಇದ್ದಲ್ಲಿ ಮಾತ್ರ ಹಸಿರು ಹಿಡ್ಕೊಂಡು ಕುಂದ್ರತದ. ಸ್ವಲ್ಪ ಹೊತ್ತಿಗಿ ನಾಯಿ ಮೂಗಿನಿಂದ ಹಸಿರು ಸಿಂಬಳ ಬಂದ್ರ ಗಾಬರಿ ಆಗಬ್ಯಾಡ್ರಿ, ಕಣ್ಣಿನಿಂದ ಮೂಗಿಗಿ ನಾಳ ಅದ, ಅದು ತೆರದದ ಅಂತ ಅರ್ಥ, ಒಳ್ಳೇದೇ.

ಮೂರನೇದ್ದು ಒತ್ತಡ ಅಳಿಯೋ ಪೆನ್ನಿನಂಥಾ ಮಶೀನು. ನಾಯಿಗಿ ಸಾಧಾರಣ 10ರಿಂದ 25ರೊಳಗ ಇರ್ತದ. ಇದು ಎಲ್ಲಾ ಕಡಿ ಇರಂಗಿಲ್ಲ, ಹೋಗೋಕ ಮೊದ್ಲ ಫೋನ್ ಮಾಡಿ "ಕಣ್ಣಿನ ಪ್ರೆಶರ್ ನೋಡೋ ಮಶೀನ್ ಅದ ಏನ್ರಿ" ಅಂತ ಕೇಳಿದ್ರ ಒಂದು ಸುತ್ತಾಟ ಉಳೀತದ.

ಎಲ್ಲಿಗಿ ಒಯ್ಯೋದು

ಸಣ್ಣ ಕೆಲಸಕ್ಕ, ಅಂದ್ರ ರೆಪ್ಪಿ ಮ್ಯಾಲಿನ ಗಂಟು, ಹೊಲಿಗಿ, ಗಾಯದ ಔಷಧ, ನಿಮ್ಮ ಊರಿನ ಡಾಕ್ಟರೇ ಸಾಕು. ಅದಕ್ಕಿಂತ ದೊಡ್ಡದಿದ್ರ ನಮ್ಮ ಭಾಗದವ್ರಿಗಿ ನಸೀಬು ಅಂದ್ರ ಬೀದರಿನ ನಂದಿನಗರದಾಗ ಪಶುವೈದ್ಯಕೀಯ ಕಾಲೇಜು ಅದ, ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮುಖ್ಯ ಆಫೀಸೂ ಅಲ್ಲೇ. ಕಾಲೇಜು ಅಂದ ಮ್ಯಾಲ ಕಲಿಯೋ ಹುಡುಗರು ಸುತ್ತ ನಿಂತಿರ್ತಾರ, ನಿಮ್ಮ ನಾಯಿ ಕಣ್ಣಾಗ ಒಬ್ಬೊಬ್ರೇ ಇಣುಕಿ ನೋಡ್ತಾರ, ತಾಳ್ಮಿ ಬೇಕು. ನಂಗ ಅದು ಲಾಭನೇ ಅನಸ್ತು, ಸರ್ ಅವ್ರಿಗಿ ಪಾಠ ಹೇಳೋವಾಗ ನಾನೂ ಕೇಳ್ಕೊಂಡೆ, ಇದ್ರಾಗಿನ ಅರ್ಧ ಅಲ್ಲೇ ಕಲ್ತದ್ದು.

ಕಲಬುರಗಿಯಿಂದ ಬೀದರ ಸುಮಾರು 110 ಕಿಲೋಮೀಟರ್, ಹುಮನಾಬಾದ್ ಮ್ಯಾಲೆ ಹಾಸಿ. 2017ರಿಂದ ಬೀದರ–ಕಲಬುರಗಿ ರೈಲೂ ಅದ, ಆದ್ರ ನಾಯಿ ಕಟ್ಕೊಂಡು ಹೋಗೋರು ಒಂದು ಗಾಡಿ ಮಾಡ್ಕೊಳ್ಳೋದೇ ಸಸಾರ, ಬರೋವಾಗ ಅದಕ್ಕ ಅರವಳಿಕಿ ನಿಶಾ ಇರ್ತದ, ನಾಲ್ಕು ಮಂದಿ ನಡುವ ತುರುಕಲಿಕ್ಕ ಆಗಲ್ಲ. ಬ್ಯಾಸಗ್ಯಾಗಂತೂ ನಸುಕಿನ್ಯಾಗ ಹೊಂಡ್ರಿ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಲು ನಿಮಗ ಗೊತ್ತೇ ಅದ, ಚಪ್ಪಟಿ ಮೂಗಿನ ನಾಯಿಗಿ ಆ ಬಿಸಲೇ ಕಣ್ಣಿಗಿಂತ ದೊಡ್ಡ ಅಪಾಯ. ಮೋತಿಬಿಂದು ತೆಗ್ಯೋ ಮಶೀನ್ ಬೇಕಂದ್ರ ಹೈದರಾಬಾದ್ ಇಲ್ಲಾ ಬೆಂಗಳೂರಿನ ಕಣ್ಣಿನ ಸ್ಪೆಷಲಿಸ್ಟ್ ತನಕ ಹೋಗೋ ತಯಾರಿ ಇರ್ಲಿ, ಯಾದಗಿರದವ್ರಿಗಿ ಹೈದರಾಬಾದ್ ರೈಲು ಸಲೀಸು. ಹಳ್ಳ್ಯಾಗ ದನಕ್ಕ ತ್ರಾಸಾದ್ರ 1962ಕ್ಕ ಫೋನ್ ಹಚ್ರಿ, ಪಶುಪಾಲನಾ ಇಲಾಖೆ ಸಹಾಯವಾಣಿ ಅದು.

ಯಾವ ಆಪರೇಷನ್ನಿಗಿ ಏನ್ ಕೇಳಬೇಕು

ಚೆರ್ರಿ ಐ ಇದ್ರ ಕೇಳೋ ಮಾತು ಒಂದೇ: "ಸರ್, ಕತ್ತರಸ್ತೀರೋ, ಒಳಗ ಕುಂದ್ರಸ್ತೀರೋ?" ಇದೇ ನಾನು ಕೇಳಲಾರದ ಮಾತು. ನಾಯಿ ಬೆಕ್ಕಿಗಿ ಕಣ್ಣಿನ ಒಳಮೂಲ್ಯಾಗ ಮೂರನೇ ರೆಪ್ಪಿ ಅಂತ ಒಂದು ಇರ್ತದ, ಅದರ ಬುಡಕ್ಕ ಕಣ್ಣೀರಿನ ಗ್ರಂಥಿ. ಆ ಕೆಂಪು ಗುಳ್ಳಿ ಅಂದ್ರ ಗಂಟಲ್ಲ, ಗಡ್ಡಿ ಅಲ್ಲ, ಅದೇ ಗ್ರಂಥಿ ಜಾರಿ ಹೊರಗ ಬಂದದ. ಕಣ್ಣೀರಿನ್ಯಾಗ ಹೆಚ್ಚುಕಡಿಮಿ ಮೂರನೇ ಒಂದು ಪಾಲು ಅದರಿಂದನೇ ಬರ್ತದ. ಕತ್ತರಿಸಿದ್ರ ಆ ದಿನ ಕಣ್ಣು ಚಂದ ಕಾಣ್ತದ, ತಿಂಗಳು ವರ್ಷ ಕಳೆದ ಮ್ಯಾಲ ಕಣ್ಣು ಒಣಗ್ಲಿಕ್ಕ ಶುರು ಆಗ್ತದ, ಅಂಟಂಟು ಪಿಸರು, ಗುಡ್ಡಿ ಮ್ಯಾಲಿನ ಹೊಳಪು ಹೋಗಿ ಹಳೀ ಗಾಜಿನ ಗೋಲಿ ಹಂಗ ಕಾಣ್ತದ. ಲಾಡ್ಯಾಗ ಹಂಗೇ ಆತು, ಒಣ ಕಣ್ಣಿನ ಮ್ಯಾಲ ಗಾಯ ಆತು, ಗಾಯ ಆಳಕ್ಕಿಳೀತು. ಈಗಿನ ರೀತಿ ಅಂದ್ರ ಅಲ್ಲೇ ಒಂದು ಸಣ್ಣ ಕಿಸೆ ಮಾಡಿ ಗ್ರಂಥಿನ ಅದ್ರಾಗ ಇಟ್ಟು ಹೊಲಿತಾರ. ಕೆಲವು ನಾಯಿಗಿ ಮತ್ತ ಹೊರಗ ಬರ್ತದ, ಮತ್ತ ಕುಂದ್ರಸಬೇಕಾಗ್ತದ, ಆದ್ರೂ ಅದೇ ಛಲೋ. ಒಂದು ಕಣ್ಣಿಗಿ ಬಂದಿದ್ರ ಇನ್ನೊಂದಕ್ಕೂ ಬರೋ ಸಂಭವ ಅದ, ಅದನ್ನೂ ಮನಸಿನ್ಯಾಗ ಇಟ್ಕೊಳ್ರಿ.

ರೆಪ್ಪಿ ಒಳಗ ಮಡಚಿ ಕೂದಲು ಗುಡ್ಡಿಗಿ ತಿಕ್ಕೋದಿದ್ರ, ರೆಪ್ಪಿ ಕೆಳಗಿಂದ ಅರ್ಧಚಂದ್ರನ ಆಕಾರದ ಚರ್ಮ ತೆಗೆದು ಹೊಲಿತಾರ. ಕುನ್ನಿ ಸಣ್ಣದಿದ್ರ ಬರೇ ಸದ್ಯಕ್ಕಷ್ಟೇ ಹೊಲಿಗಿ ಹಾಕಿ ಬಿಡ್ತಾರ, ಮುಖ ಬೆಳದ ಮ್ಯಾಲ ನೋಡ್ತಾರ. ಡಾಕ್ಟರ್ ಬೇಕಂತನೇ ಜರಾ ಕಡಿಮಿ ತೆಗೀತಾರ, ಹೆಚ್ಚು ತೆಗೆದ್ರ ರೆಪ್ಪಿ ಹೊರಗ ಜೋತು ಬೀಳ್ತದ, ಕಡಿಮಿ ಆದ್ರ ಇನ್ನೊಂದು ಸಲ ಮಾಡಬಹುದು. ಮೊದಲ ವಾರ ಬಾವು ಬಂದು ಕಣ್ಣು ವಿಚಿತ್ರ ಕಾಣ್ತದ, ಆಗ ಫೋಟೋ ತೆಗದು ಎಲ್ಲಾರಿಗೂ ಕಳಿಸಿ "ಕೆಡಿಸಿಬಿಟ್ರು" ಅನ್ನಬ್ಯಾಡ್ರಿ.

ಗುಡ್ಡಿ ಮ್ಯಾಲಿನ ಆಳ ಗಾಯಕ್ಕ, ಕಣ್ಣಿನ ಬಿಳಿ ಭಾಗದ ಮ್ಯಾಲಿನ ತೆಳು ಪೊರಿನ ಪಟ್ಟಿ ಮಾಡಿ ಗಾಯದ ಮ್ಯಾಲ ಹೊಲಿತಾರ, ಅದ್ರಾಗ ರಕ್ತ ಹರದಾಡ್ತದ, ಗಾಯಕ್ಕ ಜೀವ ಬರ್ತದ. ಲಾಡ್ಯಾಗ ಮಾಡಿದ್ದು ಇದೇ. ಗುಡ್ಡಿ ಮ್ಯಾಲ ಗುಲಾಬಿ ಬಣ್ಣದ ಪಟ್ಟಿ ಕಾಣ್ತದ, ವಾರಗಟ್ಲೆ ಇರ್ತದ, ಅದು ಕೀವಲ್ಲ. ಕೆಲವು ಸಲ ಮೂರನೇ ರೆಪ್ಪಿನೇ ಎಳದು ಪರದೆ ಹಂಗ ಮುಚ್ಚಿ ಹೊಲಿತಾರ, ಆಗ ಎರಡು ಮೂರು ವಾರ ಕಣ್ಣೇ ಕಾಣಂಗಿಲ್ಲ, ಒಳಗ ಏನ್ ನಡದದ ನಿಮಗ ಗೊತ್ತಾಗಲ್ಲ. ಅದಕ್ಕ ಹೇಳಿದ ದಿನ ಹೇಳಿದ ಹೊತ್ತಿಗಿ ತೋರ್ಸೋದು ತಪ್ಪಸಬಾರದು.

ಮೋತಿಬಿಂದು ಬಗ್ಗೆ ಎರಡು ತಪ್ಪು ತಿಳವಳಿಕಿ ಅವ. ಆರೇಳು ವರ್ಷ ದಾಟಿದ ನಾಯಿ ಪಾಪ್ಯಾಗ ನೀಲಿ ಬೂದಿ ಮಬ್ಬು ಕಂಡ್ರ ಅದೆಲ್ಲಾ ಮೋತಿಬಿಂದು ಅಲ್ಲ, ವಯಸ್ಸಿಗಿ ಲೆನ್ಸ್ ಗಟ್ಟಿ ಆಗಿರ್ತದ, ಕಾಣೋದು ಸಾಕಷ್ಟು ಕಾಣ್ತದ, ಅದಕ್ಕ ಆಪರೇಷನ್ನೂ ಬೇಡ ಔಷಧನೂ ಬೇಡ. ಇನ್ನೊಂದು, ಡ್ರಾಪ್ಸ್ ಹಾಕಿದ್ರ ಮೋತಿಬಿಂದು ಕರಗ್ತದ ಅಂತ ಮಾರೋರು ಅದಾರ, ಕರಗಂಗಿಲ್ಲ ರೀ. ಖರೇ ಮೋತಿಬಿಂದು ಇದ್ರ ಆಪರೇಷನ್ ಒಂದೇ ದಾರಿ, ನಮಗ ಮಾಡಿದಂಗೇ ಮಶೀನಿಂದ ಲೆನ್ಸ್ ಒಡದು ಹೀರಿ ತೆಗೆದು ಹೊಸ ಲೆನ್ಸ್ ಹಾಕ್ತಾರ. ಅದಕ್ಕ ಮೊದ್ಲ ಕಣ್ಣಿನ ಸ್ಕ್ಯಾನ್ ಮತ್ತು ಹಿಂದಿನ ಪರದೆ ಕೆಲಸ ಮಾಡ್ತದೋ ಇಲ್ಲೋ ಅನ್ನೋ ಟೆಸ್ಟ್ ಆಗಲೇಬೇಕು. ಪರದೆ ಸತ್ತಿದ್ರ ಹೊಸ ಲೆನ್ಸ್ ಹಾಕಿ ಏನ್ ಉಪಯೋಗ, ಸಿನಿಮಾ ಟಾಕೀಸಿನ್ಯಾಗ ಪರದೆನೇ ಇಲ್ಲದ ಮ್ಯಾಲ ಪ್ರೊಜೆಕ್ಟರ್ ಹೊಸದು ತಂದಂಗ. ಶುಗರ್ ಇರೋ ನಾಯಿಗಿ ಮೋತಿಬಿಂದು ಭಾಳ ಜಲ್ದಿ ಬೆಳೀತದ, ಅದಕ್ಕ ರಕ್ತದ ಶುಗರ್ ನೋಡ್ಸೋದು ಮರೀಬ್ಯಾಡ್ರಿ. ಖರ್ಚು ದೊಡ್ಡ ಊರಾಗ ಹತ್ತಾರು ಸಾವಿರ ಆಗ್ತದ, ಹೋಗಿ ಬರೋದು, ಉಳಕೊಳ್ಳೋದು, ತಿಂಗಳಗಟ್ಲೆ ಡ್ರಾಪ್ಸ್ ಬ್ಯಾರೆ. ಆಗಲ್ಲ ಅನಸಿದ್ರ ನಾಚಿಕಿ ಪಡಬ್ಯಾಡ್ರಿ, ಕುರುಡು ನಾಯಿ ಮನ್ಯಾಗ ಸಾಮಾನು ಜಾಗ ಬದಲಾಯಸಲಿಲ್ಲಂದ್ರ ಆರಾಮ ಓಡಾಡ್ತದ. ಆದ್ರ ಮೋತಿಬಿಂದು ಬಿಟ್ಟ ಕಣ್ಣಾಗ ಒಳಗ ಉರಿ, ಒತ್ತಡ ಬರಬಹುದು, ಆಗಾಗ ತೋರ್ಸ್ತಾ ಇರಬೇಕು.

ಹಿಂದಿನ ದಿನ, ಮತ್ತ ಆ ದಿನ

ರಕ್ತ ತಪಾಸಣಿ ಮೊದಲೇ ಆಗಿರಬೇಕು: ರಕ್ತಕಣ, ಲಿವರ್, ಕಿಡ್ನಿ, ಶುಗರ್. ವಯಸ್ಸಾದ ನಾಯಿ ಇದ್ರ ಎದಿನೂ ಕೇಳಸ್ರಿ.

ದೊಡ್ಡ ನಾಯಿಗಿ ಆಪರೇಷನ್ನಿಗಿಂತ ಮೊದ್ಲ 8 ತಾಸಾದರೂ ಹೊಟ್ಟಿ ಖಾಲಿ ಇರಬೇಕು, ಅಂದ್ರ ರಾತ್ರಿ ಊಟ ಆದ್ರ ಆತು. ನೀರು ಯಾವಾಗ ಬಂದ್ ಮಾಡಬೇಕು ಅದನ್ನ ಡಾಕ್ಟರ್ನೇ ಕೇಳ್ರಿ. ಸಣ್ಣ ಕುನ್ನಿಗಿ, ಶುಗರ್ ಇನ್ಸುಲಿನ್ ತಗೊಳ್ಳೋ ನಾಯಿಗಿ ಲೆಕ್ಕ ಬ್ಯಾರೆ, ಹಂಗೇ ಉಪವಾಸ ಕೆಡವಬ್ಯಾಡ್ರಿ. ನಮ್ಮ ಅವ್ವ "ಪಾಪ ಹಸಕೊಂಡದ" ಅಂತ ನಸುಕಿನ್ಯಾಗ ಒಂದು ರೊಟ್ಟಿ ಚೂರು ಹಾಕಿಬಿಟ್ಟಿದ್ಳು, ಬೀದರಿಗಿ ಹೋಗಿ ಗೊತ್ತಾತು, ಮಧ್ಯಾಹ್ನದ ತನಕ ಕಾಯಿಸಿದ್ರು. ಅರವಳಿಕಿ ಕೊಟ್ಟಾಗ ಹೊಟ್ಟ್ಯಾಗಿಂದು ಉಸಿರಿನ ನಾಳಕ್ಕ ಹೋದ್ರ ಜೀವಕ್ಕೇ ಬರ್ತದ. ಅದಕ್ಕ ಮನ್ಯಾಗಿನ ಎಲ್ಲಾರಿಗೂ ಹೇಳಿಡ್ರಿ, ಅಜ್ಜಿ ಮಕ್ಕಳಿಗಿ ಎರಡು ಸಲ ಹೇಳ್ರಿ.

ಕೊರಳಪಟ್ಟಿ ಬಿಟ್ಟು ಎದಿ ಸುತ್ತ ಹಾಕೋ ಹಾರ್ನೆಸ್ ತಗೊಂಡು ಹೋಗ್ರಿ. ಕೊರಳು ಎಳದಾಗ ಕಣ್ಣಿನ ಒತ್ತಡ ಏರ್ತದ, ಹೊಲಿಗಿ ಹಾಕಿದ ಕಣ್ಣಿಗಿ ಅದು ಆಗಂಗಿಲ್ಲ. ಒಂದು ಹಳೀ ಚಾದರ, ಹಿಂದಿನ ಎಲ್ಲಾ ಚೀಟಿ, ಈಗ ಹಾಕ್ತಿರೋ ಡ್ರಾಪ್ಸ್ ಬಾಟಲಿಗಳು, ನಾಯಿ ಸೈಜಿನ ಪ್ಲಾಸ್ಟಿಕ್ ಕೋನ್ (ಕಣ್ಣು ಕೆರಕೊಳ್ಳಲಾರದಂಗ ಕೊರಳಿಗಿ ಹಾಕೋದು) ಇಷ್ಟು ಕೈಯಾಗ ಇರ್ಲಿ. ಕೋನ್ ಅಲ್ಲೇ ಸಿಗ್ತದ ಅಂತ ನಂಬಿ ಹೋಗಬ್ಯಾಡ್ರಿ, ಸೈಜ್ ಇರಂಗಿಲ್ಲ. ಮೂಗಿನ ತುದಿಗಿಂತ ಎರಡು ಬೆರಳು ಮುಂದ ಬರೋವಂಥಾದ್ದು ಬೇಕು.

ಸಹಿ ಮಾಡೋ ಕಾಗದ ಕೊಡ್ತಾರ, ಓದಿ ಮಾಡ್ರಿ. ಪಗ್ ಬುಲ್‌ಡಾಗ್ ಇದ್ರ ಎಚ್ಚರ ಆಗೋ ಹೊತ್ತಿನ್ಯಾಗ ಉಸಿರಿನ ತ್ರಾಸು ಆಗಬಹುದು, ಯಾರು ನೋಡ್ಕೊಂತಾರ ಅಂತ ಕೇಳ್ರಿ. ಮನಿಗಿ ಯಾವಾಗ ಬಿಡ್ತೀರಿ, ರಾತ್ರಿ ಏನಾದ್ರೂ ಆದ್ರ ಯಾರಿಗಿ ಫೋನ್ ಮಾಡಬೇಕು ಅನ್ನೋದನ್ನ ಆಗಲೇ ಬರಕೊಂಡುಬಿಡ್ರಿ.

ಮೊದಲ ರಾತ್ರಿ

ಇದನ್ನ ಯಾರೂ ಮೊದಲೇ ಹೇಳಲ್ಲ, ಅದಕ್ಕ ನಾನು ಹೇಳ್ತೀನಿ. ಲಾಡ್ಯಾನ ಹೊರಗ ತಂದಾಗ ಕಣ್ಣಿನ ಸುತ್ತ ಕೂದಲು ಬೋಳಿಸಿದ್ರು, ರೆಪ್ಪಿ ಊದಿ ಬದನಿಕಾಯಿ ಬಣ್ಣ ಆಗಿತ್ತು, ಅರ್ಧ ರೆಪ್ಪಿ ಹೊಲದಿದ್ರು, ಹೊಲಿಗಿ ಕೆಳಗ ಸಲೈನ್ ನಳಿಗಿನ ಸಣ್ಣ ಸಣ್ಣ ತುಂಡು ಸಿಗಸಿದ್ರು. ನನ್ನ ತಮ್ಮ "ಅಣ್ಣಾ, ಇದರ ಕಣ್ಣಾಗ ಪೈಪ್ ಮರತು ಬಿಟ್ಟಾರ ನೋಡು" ಅಂತ ಜಗಳಕ್ಕೇ ನಿಂತ. ದಾರ ಚರ್ಮ ಕೊಯ್ಯಬಾರದು ಅಂತ ಆ ನಳಿಗಿ ತುಂಡು ಇಡ್ತಾರಂತ, ಕೆಲವರು ಅಂಗಿ ಗುಂಡಿನೂ ಹಚ್ತಾರ. ನೋಡಿ ಹೆದರಬ್ಯಾಡ್ರಿ.

ಆ ರಾತ್ರಿ ನಾಯಿ ತೂರಾಡ್ತದ, ಕುಂಯ್ ಕುಂಯ್ ಅಂತದ, ನೋವಿಗಿಂತ ಹೆಚ್ಚು ಅರವಳಿಕಿ ನಿಶಾ ಅದು. ಮಂಚದ ಮ್ಯಾಲ ಮಲಗಸಬ್ಯಾಡ್ರಿ, ಬೀಳ್ತದ. ಪೂರ್ತಿ ಎಚ್ಚರ ಆದ ಮ್ಯಾಲ ಜರಾ ಜರಾ ನೀರು, ಆಮ್ಯಾಲ ಮೆತ್ತನ ಅನ್ನ ಮೊಸರು, ಅರ್ಧ ಹೊಟ್ಟಿ ಸಾಕು. ಕಣ್ಣಿನಿಂದ ತುಸು ಕೆಂಪು ನೀರು ಬರಬಹುದು. ಕಣ್ಣೇ ತೆಗೆದ ಆಪರೇಷನ್ ಇದ್ರ ಆ ಕಡಿ ಮೂಗಿನ ಹೊಳ್ಳ್ಯಾಗಿಂದ ಒಂದೆರಡು ದಿನ ಕೆಂಪು ಹನಿ ಬೀಳ್ತದ, ಮೊದಲು ಹೇಳಿದ ನಾಳದಿಂದನೇ ಅದು, ಧಾರಿಗಟ್ಟಿ ಬಂದ್ರ ಮಾತ್ರ ಫೋನ್ ಮಾಡ್ರಿ.

ಆಮ್ಯಾಲಿನ ಹದಿನೈದು ದಿನ

ಆಪರೇಷನ್ ಒಂದು ತಾಸಿಂದು. ಕಣ್ಣು ಉಳಿಯೋದು ಬಿಡೋದು ಈ ಹದಿನೈದು ದಿನದಾಗೇ. ಡಾಕ್ಟರ್ ಎಷ್ಟು ಚಂದ ಹೊಲದ್ರೂ ನಾಯಿ ಒಂದು ಸಲ ಹಿಂಗಾಲಿಲೇ ಕೆರಕೊಂಡ್ರ ಎಲ್ಲಾ ಹೋತು.

ಕೋನ್ ಅನ್ನೋದು ಹಗಲೂ ರಾತ್ರಿ ಇರಬೇಕು, ಉಣ್ಣೋವಾಗ ನೀವು ಎದುರಿಗಿ ಕುಂತಿದ್ರ ಮಾತ್ರ ತೆಗೀರಿ. ಎರಡು ದಿನ ಬಾಗಲಕ್ಕ ಹೊಡ್ಕೊಂತದ, ನೀರಿನ ಕೊಡಕ್ಕ ಬಡ್ಕೊಂತದ, ನಿಮ್ಮ ಮಕ್ಕಳ ಮಾರಿಗಿ ಬಡೀತದ, ಮೂರನೇ ದಿನಕ್ಕ ರೂಢಿ ಆಗ್ತದ. "ಪಾಪ ಅನಸ್ತದ, ಅರ್ಧ ತಾಸು ಬಿಚ್ಚೋಣ" ಅಂದವ್ರೇ ಮತ್ತ ಹೊಲಿಗಿ ಹಾಕಸ್ಲಿಕ್ಕ ಬಂದದ್ದನ್ನ ದವಾಖಾನ್ಯಾಗ ನನ್ನ ಕಣ್ಣಾರೆ ನೋಡೀನಿ.

ಡ್ರಾಪ್ಸ್ ಹಾಕೋ ಕಲೆ ಹಿಂಗದ. ನಾಯಿ ಹಿಂಭಾಗ ಗ್ವಾಡಿಗಿ ಇಲ್ಲಾ ನಿಮ್ಮ ತೊಡಿ ನಡುವ ಬರಂಗ ಕುಂದ್ರಸ್ರಿ, ಹಿಂದ ಸರಿಯೋ ಜಾಗ ಇರಬಾರದು. ಎಡಗೈಲೇ ಗದ್ದ ಎತ್ತಿ ಮೂಗು ಮ್ಯಾಲ ಮಾಡ್ರಿ, ಬಲಗೈ ತಲಿ ಹಿಂದಿಂದ ತಂದು ಅಂಗೈ ಬುಡಲೇ ಮ್ಯಾಲಿನ ರೆಪ್ಪಿ ಎಳೀರಿ, ಒಂದು ಹನಿ ಬಿಡ್ರಿ. ಬಾಟಲಿ ಮುಂದಿಂದ ತಂದ್ರ ಅದು ನೋಡಿ ಹೊರಳ್ತದ, ಹಿಂದಿಂದ ಬಂದ್ರ ಗೊತ್ತಾಗಲ್ಲ. ತುದಿ ಕಣ್ಣಿಗಿ ತಾಗಬಾರದು. ಒಂದು ಹನಿ ಸಾಕು, ಮೂರು ಹಾಕಿದ್ರ ಎರಡು ಗಲ್ಲದ ಮ್ಯಾಲ ಇಳೀತಾವ. ಒಂದಕ್ಕಿಂತ ಹೆಚ್ಚು ಔಷಧ ಇದ್ರ ನಡುವ ಐದತ್ತು ಮಿನಿಟ್ ಬಿಡ್ರಿ, ನೀರಿನಂಥಾ ಡ್ರಾಪ್ಸ್ ಮೊದ್ಲ, ಮುಲಾಮು ಕಡೀಗಿ. ಮುಲಾಮು ಮೊದಲು ಹಚ್ಚಿದ್ರ ಎಣ್ಣಿ ಮ್ಯಾಲ ನೀರು ಸುರದಂಗ ಡ್ರಾಪ್ಸ್ ಜಾರಿ ಹೋಗ್ತದ.

ನಮಗ ಮೊದಲ ಮೂರು ದಿನ ಎರಡು ತಾಸಿಗೊಂದು ಸಲ ಹಾಕೋದಿತ್ತು, ಲಾಡ್ಯಾನ ರಕ್ತದಿಂದನೇ ತೆಗೆದ ಸೀರಂ ಡ್ರಾಪ್ಸೂ ಇತ್ತು. ರಕ್ತ ತಿರಗಿಸಿ ಮ್ಯಾಲಿನ ತಿಳಿ ತೆಗೀತಾರ, ಗಾಯ ಕರಗೋದನ್ನ ಅದು ತಡೀತದ, ಫ್ರಿಜ್ಜಿನ್ಯಾಗೇ ಇಡಬೇಕು, ಹಳೀದಾದ್ರ ಕೆಡ್ತದ. ಒಂದು ರಾತ್ರಿ ಎರಡಕ್ಕ ಕರೆಂಟ್ ಹೋಗ್ಯದ, ಸೆಕಿ, ತಮ್ಮ ಬಾಯಾಗ ಮೊಬೈಲ್ ಟಾರ್ಚ್ ಹಿಡದಾನ, ನಾನು ಟಾವೆಲ್ಲಾಗ ನಾಯಿ ಸುತ್ತಿ ಕುಂತೀನಿ, ಅವ್ವ ಐಸಿನ ತುಕಡಿ ಹಾಕಿದ ಸ್ಟೀಲ್ ಡಬ್ಬಿ ಒಳಗ ಆ ಬಾಟಲಿ ಹಿಡ್ಕೊಂಡು ಬಾಜೂಕ ನಿಂತಾಳ, "ಹೊತ್ತು ಹೊತ್ತಿಗಿ ನನಗೂ ಹಿಂಗ ಔಷಧ ಕೊಟ್ಟಿದ್ರ" ಅಂತ ಒಂದು ಮಾತು ಹೇಳಿದ್ಳು. ಗ್ವಾಡಿಗಿ ಒಂದು ಕಾಗದ ಅಂಟಸಿ ಟೈಮ್ ಬರದು ಹಾಕಿದವ್ರು ಟಿಕ್ ಮಾಡಿದ್ರ ಎರಡು ಸಲ ಆಗೋದು, ಬಿಟ್ಟುಹೋಗೋದು ತಪ್ತದ.

ಪಾಪಿ ದೊಡ್ಡ ಮಾಡೋ ಅಟ್ರೋಪಿನ್ ಡ್ರಾಪ್ಸ್ ಕೊಟ್ಟಿದ್ರ ಅದು ಭಾಳ ಕಹಿ, ಮೂಗಿನ ನಾಳದಿಂದ ಬಾಯಿಗಿ ಇಳೀತದ, ಬೆಕ್ಕು ಬಾಯಾಗ ನೊರಿ ಕಾರ್ತದ. ವಿಷ ಆತು ಅಂತ ಓಡಬ್ಯಾಡ್ರಿ. ಆದ್ರ ಬಿಸಲಿಗಿ ಬಿಡಬ್ಯಾಡ್ರಿ, ಪಾಪಿ ತೆರದಿರೋದ್ರಿಂದ ಬೆಳಕು ಚುಚ್ತದ.

ಸ್ನಾನ ಇಲ್ಲ. ಓಡಾಟ, ಇನ್ನೊಂದು ನಾಯಿ ಕೂಡ ಆಟ, ಹಗ್ಗ ಎಳಿಯೋದು ಇಲ್ಲ. ಪಿಸರು ಗಟ್ಟಿಯಾಗಿದ್ರ ಕುದಿಸಿ ಆರಿಸಿದ ನೀರಾಗ ಹತ್ತಿ ಅದ್ದಿ ಮೆತ್ತಗ ಮಾಡಿ ಒರಸ್ರಿ, ಹೊಲಿಗಿ ಎಳೀಬ್ಯಾಡ್ರಿ. ಚರ್ಮದ ಹೊಲಿಗಿ ಸಾಧಾರಣ 10ರಿಂದ 14 ದಿನಕ್ಕ ತೆಗೀತಾರ.

ಇವು ಕಂಡ್ರ ಮುಂದಿನ ತಾರೀಖಿಗಿ ಕಾಯಬ್ಯಾಡ್ರಿ: ತೆರದಿದ್ದ ಕಣ್ಣು ಮತ್ತ ಗಟ್ಟಿ ಮುಚ್ಚಿಕೊಳ್ಳೋದು, ಗುಡ್ಡಿ ಒಮ್ಮಿಂದೊಮ್ಮಿಗಿ ನೀಲಿ ಬಿಳಿ ಆಗೋದು, ಹಳದಿ ಹಸಿರು ಕೀವು, ಬಿಸಿ ನೀರು ಚೆಲ್ಲಿದಂಗ ಒಮ್ಮಿಗೇ ಭಾಳ ನೀರು ಬಂದು ಗುಡ್ಡಿ ಒಳಗ ಕುಗ್ಗಿದಂಗ ಕಾಣೋದು, ಹೊಲಿಗಿ ಬಿಚ್ಚೋದು, ಒಂದು ದಿನ ಪೂರ್ತಿ ಊಟ ಬಿಡೋದು. ಫೋಟೋ ಒಂದು ಬಿಟ್ಟು ಒಂದು ದಿನ ಅದೇ ಬೆಳಕಿನ್ಯಾಗ ತೆಗದಿಡ್ರಿ, "ನಿನ್ನಿಗಿಂತ ಹೆಚ್ಚಾಗ್ಯದ" ಅಂತ ಬಾಯಿಲೇ ಹೇಳೋದಕ್ಕಿಂತ ಡಾಕ್ಟರಿಗಿ ಅದು ಭಾಳ ಕೆಲಸಕ್ಕ ಬರ್ತದ.

ಕಣ್ಣು ತೆಗೀಬೇಕು ಅಂದ್ರ

ಇದನ್ನ ಕೇಳಿದ್ರ ಮನಸು ಒಪ್ಪಲ್ಲ. ಆದ್ರ ಒತ್ತಡ ಏರಿ ಕುರುಡಾದ ಕಣ್ಣು ದಿನಾ ತಲಿಶೂಲಿ ಹಂಗ ನೋಯ್ತಿರ್ತದ, ನಾಯಿ ಹೇಳಲ್ಲ, ಬರೇ ಮಂಕಾಗಿ ಮಲಗಿರ್ತದ. ನಮ್ಮ ಓಣ್ಯಾಗ ಒಬ್ಬ ಅಕ್ಕೋರ ಪೊಮೇರಿಯನ್ನಿಗಿ ಹಂಗಾಗಿತ್ತು, ಮುದಿ ಆಗ್ಯದ ಅದಕ್ಕೇ ಮಲಗ್ತದ ಅಂತಿದ್ರು, ಕಣ್ಣು ತೆಗೆದ ಹತ್ತನೇ ದಿನಕ್ಕ ಗೇಟಿಗಿ ಬಂದು ಪೇಪರಿನವನ ಮ್ಯಾಲ ಒದರ್ಲಿಕತ್ತಿತ್ತು. ಗೂಡು ಹೊಲದು ಮುಚ್ತಾರ, ಕೂದಲು ಬೆಳದ ಮ್ಯಾಲ ಕಣ್ಣು ಹೊಡದಂಗ ಕಾಣ್ತದ. ತೆಗೆದ ಕಣ್ಣು ಪರೀಕ್ಷೆಗಿ ಕಳಸ್ತೀರೇನು ಅಂತ ಕೇಳ್ರಿ, ಗಂಟು ಗಡ್ಡಿ ಸಂಶಯ ಇದ್ರ ಕಳಸಲೇಬೇಕು. ಕುರುಡು ಕಡಿಯಿಂದ ಮುಟ್ಟೋವಾಗ ಮೊದ್ಲ ಹೆಸರು ಕರೀರಿ, ಇಲ್ಲಂದ್ರ ಬೆಚ್ಚಿ ಕಚ್ತದ.

ದನದ ಕಣ್ಣು

ನಮ್ಮ ಕಾಕಾಂದು ಆಳಂದ ಕಡಿ ಹೊಲ, ಅಲ್ಲಿ ಒಂದು ಜರ್ಸಿ ಮಿಶ್ರ ಆಕಳ ಮೂರನೇ ರೆಪ್ಪಿ ಮ್ಯಾಲ ಹೂಕೋಸಿನಂಥಾದ್ದು ಬೆಳದಿತ್ತು. ರೆಪ್ಪಿ ಸುತ್ತ ಕರಿ ಬಣ್ಣ ಇಲ್ಲದ, ಬೆಳ್ಳಗ ಗುಲಾಬಿ ಇರೋ ದನಗಳಿಗಿ ಬಿಸಲಿನಿಂದ ಈ ಕ್ಯಾನ್ಸರ್ ಗಂಟು ಬರೋ ಸಂಭವ ಹೆಚ್ಚು. ಸಣ್ಣದಿದ್ದಾಗ ಆ ರೆಪ್ಪಿ ಅಷ್ಟೇ ತೆಗೆದ್ರ ಕಣ್ಣು ಉಳೀತದ, ತಡ ಆದ್ರ ಗುಡ್ಡಿನೂ ಹೋಗ್ತದ, ಇನ್ನೂ ತಡ ಆದ್ರ ಎಲುಬಿನ ತನಕ ಇಳೀತದ. ಕಾಕಾ "ನೊಣ ಕಚ್ಚಿದ್ದು" ಅಂತ ಒಂದು ಸುಗ್ಗಿ ಪೂರ್ತಿ ಕಳದಿದ್ದ.

ದನಕ್ಕ ನಾಯಿ ಹಂಗ ಪೂರ್ತಿ ಅರವಳಿಕಿ ಬಹಳ ಸಲ ಕೊಡಲ್ಲ. ದವಾಖಾನಿ ಮುಂದ ಕಬ್ಬಿಣದ ಚೌಕಟ್ಟು ಇರ್ತದಲ್ಲ, ಅದ್ರಾಗ ನಿಲ್ಲಿಸಿ, ತಲಿ ಕಟ್ಟಿ, ಮಂಪರಿನ ಇಂಜೆಕ್ಷನ್ ಕೊಟ್ಟು ಕಣ್ಣಿನ ಸುತ್ತ ನರಕ್ಕ ಸೂಜಿ ಹಾಕ್ತಾರ, ನಿಂತಲ್ಲೇ ಆಪರೇಷನ್ ಆಗ್ತದ. ನಿಮ್ಮ ಕೆಲಸ ಅಂದ್ರ ಗಟ್ಟಿ ಮೂಗುದಾಣಿ, ಗಟ್ಟಿ ಹಗ್ಗ, ಆಕಳಿಗಿ ಗುರುತು ಇರೋ ಒಬ್ಬ ಆಳು. ಆಮ್ಯಾಲ ನೊಣ ಕುಂದ್ರಗೊಡಬಾರದು, ಗಾಯದಾಗ ಹುಳ ಬೀಳ್ತಾವ, ನೊಣದ ಔಷಧ ಯಾವುದು ಹಚ್ಚಬೇಕು ಕೇಳ್ರಿ. ಸೂಜಿ ಕೊಟ್ಟಷ್ಟು ದಿನ, ಮತ್ತ ಡಾಕ್ಟರ್ ಹೇಳಿದಷ್ಟು ದಿನ, ಹಾಲು ಡೇರಿಗಿ ಹಾಕಬ್ಯಾಡ್ರಿ, ಮನ್ಯಾಗೂ ಕುಡೀಬ್ಯಾಡ್ರಿ. ಇದನ್ನ ಕಾಕಾಗ ಒಪ್ಪಸೋದೇ ಆಪರೇಷನ್ನಿಗಿಂತ ದೊಡ್ಡ ಕೆಲಸ ಆತು.

ದನದ ಕಣ್ಣಿನ್ಯಾಗ ಬಿಳಿ ದಾರದಂಥಾ ಹುಳ ಹರದಾಡೋದು ಕಂಡ್ರ ಅದು ಬ್ಯಾರೆ, ನೊಣದಿಂದ ಬರ್ತದ. ಕಣ್ಣು ಜಡ ಮಾಡಿ ತೊಳದು ತೆಗೀತಾರ, ಹುಳದ ಔಷಧನೂ ಕೊಡ್ತಾರ.

ಕಡೀಗಿ, ಸಣ್ಣ ಪುಟ್ಟದ್ದು

ಡ್ರಾಪ್ಸ್ ಬಾಟಲಿ ತೆರದ ದಿನ ಅದರ ಮ್ಯಾಲ ಪೆನ್ನಿಲೇ ತಾರೀಖು ಬರೀರಿ, ತಿಂಗಳಾದ ಮ್ಯಾಲ ಉಳದದ್ದನ್ನ ಒಗೀರಿ, ಆಗ ಫ್ರಿಜ್ಜಿನ ಬಾಗಲದಾಗ ಹಳೀ ಬಾಟಲಿ ಉಳಿಯೋ ಪ್ರಶ್ನಿನೇ ಬರಂಗಿಲ್ಲ. ಕೋನ್ ಮಾತ್ರ ಒಗೀಬ್ಯಾಡ್ರಿ, ತೊಳದು ಅಟ್ಟದ ಮ್ಯಾಲ ಇಡ್ರಿ, ಓಣ್ಯಾಗ ಯಾರಿಗಾದ್ರೂ ಬೇಕಾಗ್ತದ, ನಮ್ಮದು ಈಗ ಮೂರನೇ ಮನಿ ಸೇರ್ಯದ.

ಲಾಡ್ಯಾನ ಗುಡ್ಡಿ ಮ್ಯಾಲ ಈಗ ಒಂದು ಬೂದಿ ಕಲಿ ಉಳದದ, ಅದರ ಬಾಜೂಕಿನಿಂದ ನೋಡ್ಕೊಂಡು ಓಡಾಡ್ತದ. ಕಣ್ಣೀರು ಹೆಚ್ಚು ಮಾಡೋ ಡ್ರಾಪ್ಸ್ ದಿನಕ್ಕ ಎರಡು ಸಲ, ಮುಂಜಾನಿ ಏಳಕ್ಕ ರಾತ್ರಿ ಒಂಬತ್ತಕ್ಕ, ನಡುನಡುವ ಕೃತಕ ಕಣ್ಣೀರು. ನಾವು ಹಾಲು ತೆಗೀಲಿಕ್ಕ ಫ್ರಿಜ್ ತೆರದ್ರೂ ಆ ಸಪ್ಪಳ ಕೇಳಿ ಮಂಚದ ಬುಡಕ್ಕ ಹೋಗಿ ಕುಂದ್ರತದ, ಮಜ್ಜಿಗಿ ಅನ್ನದ ತಾಟು ತೋರ್ಸೋ ತನಕ ಹೊರಗ ಬರಂಗಿಲ್ಲ.